ಮೇಜಿನ ಆಚೆ ಕುಳಿತವರೇ ಉತ್ತರಿಸಲಿ

ನಮಸ್ಕಾರ. ಹಕ್ಕು ಕಾನೂನಿನ ಪುಸ್ತಕದಲ್ಲಿದ್ದರೆ ಸಾಕು ಎಂದುಕೊಂಡವರಿಗೆ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಮತದಾರರ ನೋಂದಣಿ ಕಚೇರಿಯ ವಿಷಯ ಹೇಳಬೇಕು ಎನಿಸುತ್ತದೆ.

ಜನಾಂಗದ ಕಾರಣಕ್ಕೆ ಯಾರ ಮತದ ಹಕ್ಕನ್ನೂ ಕಸಿಯಬಾರದು ಎಂದು ಆ ದೇಶದ ಸಂವಿಧಾನಕ್ಕೆ 1870ರಲ್ಲೇ ಹದಿನೈದನೆಯ ತಿದ್ದುಪಡಿ ಸೇರಿತ್ತು. ಆದರೂ 1960ರ ದಶಕದ ಆರಂಭದಲ್ಲಿ ಅಲ್ಲಿ ಪಟ್ಟಿಗೆ ಹೆಸರು ಸೇರಿಸಬೇಕಾದರೆ ನೋಂದಣಾಧಿಕಾರಿಯ ಮುಂದೆ ಕುಳಿತು ಪರೀಕ್ಷೆ ಬರೆಯಬೇಕಿತ್ತು. ರಾಜ್ಯ ಸಂವಿಧಾನದ ಒಂದು ವಿಧಿಯನ್ನು ನಕಲು ಮಾಡಿ, ಅದರ ಅರ್ಥವನ್ನು ವಿವರಿಸಬೇಕು. ಯಾವ ವಿಧಿ ಎಂದು ಆರಿಸುವವನು ಆ ಅಧಿಕಾರಿ. ಉತ್ತರ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನೂ ಅವನೇ. ಬಿಳಿಯರಿಗೆ 'ಸಾಲಕ್ಕಾಗಿ ಯಾರನ್ನೂ ಸೆರೆಗೆ ಹಾಕುವಂತಿಲ್ಲ' ಎಂಬಂಥ ಒಂದು ಸಾಲಿನ ವಿಧಿ ಸಿಗುತ್ತಿತ್ತು. ಕಪ್ಪು ಜನರ ಪಾಲಿಗೆ, ಅವರು ಎಷ್ಟೇ ಓದಿದವರಾಗಿದ್ದರೂ, ವಕೀಲರೂ ತಡವರಿಸುವ ಕಗ್ಗಂಟು. ಅನುತ್ತೀರ್ಣರಾದರೆ ಕಾರಣ ಕೇಳುವ ಹಾಗೂ ಇರಲಿಲ್ಲ.

1957 ಮತ್ತು 1960ರ ಕಾನೂನುಗಳು ಇಂಥ ಅಧಿಕಾರಿಗಳ ಮೇಲೆ ದಾವೆ ಹೂಡಲು ಒಕ್ಕೂಟ ಸರ್ಕಾರಕ್ಕೆ ಅವಕಾಶ ಕೊಟ್ಟವು. ಆದರೆ ಪ್ರತಿ ಕೌಂಟಿಗೂ, ಅಂದರೆ ನಮ್ಮ ಜಿಲ್ಲೆಯಂಥ ಘಟಕಕ್ಕೂ, ಬೇರೆ ಬೇರೆ ಮೊಕದ್ದಮೆ. ಒಂದು ಕಡೆ ಗೆಲ್ಲುವಷ್ಟರಲ್ಲಿ ವರ್ಷಗಳು ಉರುಳುತ್ತಿದ್ದವು, ಅಷ್ಟರೊಳಗೆ ಹೊಸದೊಂದು ನಿಯಮ ಬಂದಿರುತ್ತಿತ್ತು.

1965ರ ಮತದಾನ ಹಕ್ಕುಗಳ ಕಾಯಿದೆ ಈ ಆಟವನ್ನೇ ತಿರುಗಿಸಿತು. ಪರೀಕ್ಷೆಯನ್ನು ಅಮಾನತಿನಲ್ಲಿಟ್ಟಿತು, ಅಗತ್ಯವಿದ್ದ ಕಡೆ ಒಕ್ಕೂಟ ಸರ್ಕಾರದ ಅಧಿಕಾರಿಗಳನ್ನೇ ಕಳುಹಿಸಿತು. ನನಗೆ ಇವೆರಡಕ್ಕಿಂತಲೂ ದೊಡ್ಡದೆನಿಸುವುದು ಮೂರನೆಯದು: ತಾರತಮ್ಯದ ಚರಿತ್ರೆಯಿದ್ದ ಪ್ರದೇಶಗಳು ಮತದಾನದ ನಿಯಮ ಬದಲಿಸುವ ಮೊದಲೇ ಒಕ್ಕೂಟ ಸರ್ಕಾರದ ಅಥವಾ ಒಕ್ಕೂಟ ನ್ಯಾಯಾಲಯದ ಅನುಮತಿ ಪಡೆಯಬೇಕಿತ್ತು, ಬದಲಾವಣೆಯಿಂದ ಯಾರಿಗೂ ಅನ್ಯಾಯವಾಗುವುದಿಲ್ಲ ಎಂದು ತಾವೇ ಸಾಬೀತುಪಡಿಸಬೇಕಿತ್ತು. ಅಲ್ಲಿಯವರೆಗೆ ಪುರಾವೆ ಹೊತ್ತು ಅಲೆಯುತ್ತಿದ್ದವನು ಹಕ್ಕು ಕಳೆದುಕೊಂಡವನು. ಈಗ ಆ ಹೊರೆ ಅಧಿಕಾರದಲ್ಲಿರುವವರ ಹೆಗಲಿಗೆ ಬಂತು. ಮಿಸಿಸಿಪ್ಪಿಯಲ್ಲಿ ಮತದಾನದ ವಯಸ್ಸಿನ ಕಪ್ಪು ಜನರ ಪೈಕಿ ಪಟ್ಟಿಯಲ್ಲಿದ್ದವರ ಪ್ರಮಾಣ ಶೇ. 6.7ರಿಂದ 1967ರ ಹೊತ್ತಿಗೆ ಸುಮಾರು ಶೇ. 60ಕ್ಕೆ ಏರಿತು. ಎರಡೇ ವರ್ಷ!

ಉದ್ಯೋಗದ ವಿಷಯದಲ್ಲೂ ಹೀಗೆಯೇ ಆಯಿತು. 1964ರ ನಾಗರಿಕ ಹಕ್ಕುಗಳ ಕಾಯಿದೆ ಸಮಾನ ಉದ್ಯೋಗಾವಕಾಶ ಆಯೋಗವನ್ನು ಹುಟ್ಟುಹಾಕಿತು, ಆದರೆ ಅದು ದೂರು ಕೇಳಿ ರಾಜಿ ಮಾಡಿಸಬಹುದಿತ್ತು, ಅಷ್ಟೇ. ಹಲ್ಲು ಕಿತ್ತ ಹಾವು. ಖಾಸಗಿ ಮಾಲೀಕರನ್ನು ತಾನೇ ನ್ಯಾಯಾಲಯಕ್ಕೆ ಎಳೆಯುವ ಅಧಿಕಾರ ಅದಕ್ಕೆ ಸಿಕ್ಕಿದ್ದು 1972ರಲ್ಲಿ.

2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಯಾವ ಪ್ರದೇಶಗಳು ಅನುಮತಿ ಪಡೆಯಬೇಕೆಂದು ನಿರ್ಧರಿಸುವ ಸೂತ್ರ ಹಳತಾಗಿದೆ ಎಂದು ಅದನ್ನು ರದ್ದುಮಾಡಿತು. ಸೂತ್ರವೇ ಹೋದ ಮೇಲೆ ಅನುಮತಿಯ ನಿಯಮವೂ ಕೆಲಸಕ್ಕೆ ಬಾರದಾಯಿತು. ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಪರಿಸ್ಥಿತಿ ಸುಧಾರಿಸಿದೆ ಎಂಬ ವಾದ ನಿಜ, ಸುಧಾರಿಸಿದ್ದು ಈ ಕಾವಲಿನಿಂದ. ತೀರ್ಪು ಬಂದ ದಿನವೇ ಟೆಕ್ಸಾಸ್ ರಾಜ್ಯ, ತಡೆಹಿಡಿಯಲ್ಪಟ್ಟಿದ್ದ, ಮತ ಹಾಕಲು ಗುರುತಿನ ಚೀಟಿ ಕೇಳುವ ತನ್ನ ಕಾನೂನನ್ನು ಜಾರಿಗೆ ತರುವುದಾಗಿ ಪ್ರಕಟಿಸಿತು.

ಆದ್ದರಿಂದ ಯಾವ ದೇಶದ ಅಭ್ಯರ್ಥಿಯೇ ಆಗಲಿ, ಸಮಾನತೆಯ ಭಾಷಣ ಮುಗಿಸಿದ ಮೇಲೆ ಒಂದು ಪ್ರಶ್ನೆ ಕೇಳಿ: ನಿಮ್ಮ ಕಚೇರಿ ಒಬ್ಬರ ಅರ್ಜಿಯನ್ನು ತಿರಸ್ಕರಿಸಿದರೆ ಅದಕ್ಕೆ ಕಾರಣವನ್ನು ಬರೆದು, ಸಹಿ ಮಾಡಿ ಕೊಡುತ್ತೀರಾ? ಎಷ್ಟು ದಿನದೊಳಗೆ? ಕೊಡದಿದ್ದರೆ ಯಾರ ಮೇಲೆ ಕ್ರಮ?