ಹಿಂಬರಹ ಕೊಡಿ ಸ್ವಾಮಿ

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೊ ಹಾಕಿಕೊಂಡು ಕೂತವರು ಯಾರು ಅಂತ ನನಗೆ ಗೊತ್ತು. ಡೇರಿಗೆ ಹಾಲು ಹಾಕಿ ಬಂದು ಜಗಲಿ ಮೇಲೆ ಕಾಲು ಚಾಚಿದವರು ಇದ್ದೀರಿ. ಒಳಗೆ ಮುದ್ದೆಗೆ ಎಸರಿಟ್ಟವರು ಇದ್ದೀರಿ. ನಾಳೆ ಮೊದಲ ಬಸ್ಸಿಗೆ ತಾಲ್ಲೂಕು ಕಚೇರಿಗೆ ಹೋಗಬೇಕು ಅಂತ ಕಾಗದಪತ್ರ ಜೋಡಿಸಿಕೊಳ್ಳುತ್ತಿರುವವರೂ ಇದ್ದೀರಿ. ನಾನು ಮಾತಾಡುತ್ತಿರುವುದು ಮುಖ್ಯವಾಗಿ ನಿಮ್ಮ ಹತ್ತಿರ, ಆ ಮೊದಲ ಬಸ್ಸಿನವರ ಹತ್ತಿರ.

ನಾನು ತಾಲ್ಲೂಕು ಕೋರ್ಟಿನಲ್ಲಿ ಮೂವತ್ತು ವರ್ಷ ವಕೀಲಿ ಮಾಡಿದವಳು. ಪಂಚಾಯಿತಿ, ಕಂದಾಯ ಕಚೇರಿ, ಕೋರ್ಟು ಹೇಗೆ ಕೆಲಸ ಮಾಡುತ್ತವೆ ಅಂತ ಹದಿನೈದು ನಿಮಿಷ ಹೇಳಿ ಅಂತ ನನ್ನನ್ನು ಕರೆದಿದ್ದಾರೆ. ಹೇಳುತ್ತೇನೆ. ಉಳಿದದ್ದು ಮರೆತರೂ ಚಿಂತೆಯಿಲ್ಲ, ಒಂದು ಪದ ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ. ಹಿಂಬರಹ. ನೀವು ಕೊಟ್ಟ ಅರ್ಜಿಗೆ ಕಚೇರಿಯವರು ಸಹಿ ಹಾಕಿ ಬರೆದು ಕೊಡುವ ಉತ್ತರಕ್ಕೆ ಹಿಂಬರಹ ಅನ್ನುತ್ತಾರೆ. ಆಗುತ್ತೆ ಅಂತಲೋ, ಆಗಲ್ಲ ಅಂತಲೋ, ಯಾಕೆ ಆಗಲ್ಲ ಅಂತಲೋ ಬರೆದಿರಬೇಕು. ಬಾಯಲ್ಲಿ ಹೇಳಿದ "ಆಗುತ್ತೆ ಬಿಡಿ" ಅನ್ನುವ ಮಾತಿಗಿಂತ ಬರೆದು ಕೊಟ್ಟ "ಆಗುವುದಿಲ್ಲ" ಎಷ್ಟೋ ಮೇಲು. ಇದನ್ನು ನಾನು ಇವತ್ತು ಇನ್ನೂ ನಾಲ್ಕು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು, ಯಾವ ಕೆಲಸಕ್ಕೆ ಎಲ್ಲಿಗೆ ಹೋಗಬೇಕು? ಜನ ಬೀದಿ ದೀಪಕ್ಕೆ ತಹಶೀಲ್ದಾರರ ಹತ್ತಿರ ಹೋಗುತ್ತಾರೆ, ಹೊಲದ ಬದುವಿಗೆ ಪೊಲೀಸ್ ಠಾಣೆಗೆ ಹೋಗುತ್ತಾರೆ. ಒಂದು ಸುಲಭದ ಗುರುತು ಹೇಳಿಕೊಡುತ್ತೇನೆ. ಊರಿನ ಒಳಗಿನದು, ಅಂದರೆ ಗ್ರಾಮಠಾಣದ ಮನೆ, ಮನೆ ಕಂದಾಯ, ಕುಡಿಯುವ ನೀರು, ಚರಂಡಿ, ಬೀದಿ ದೀಪ, ಇದೆಲ್ಲ ಪಂಚಾಯಿತಿಯದು. ಅಲ್ಲಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಇರುತ್ತಾರೆ, ನೀವು ಆರಿಸಿದ ಸದಸ್ಯರು ಇರುತ್ತಾರೆ. ಊರಿನ ಹೊರಗಿನ ಹೊಲ, ಗದ್ದೆ, ಪಹಣಿ, ಖಾತೆ ಬದಲಾವಣೆ, ಜಾತಿ ಆದಾಯದ ಪತ್ರ ಕಂದಾಯ ಇಲಾಖೆಯದು. ಹೋಬಳಿಯಲ್ಲಿ ನಾಡಕಚೇರಿ, ಅದರ ಮೇಲೆ ತಹಶೀಲ್ದಾರರು, ಅವರ ಮೇಲೆ ಉಪವಿಭಾಗಾಧಿಕಾರಿ, ಅಂದರೆ ನೀವು ಎಸಿ ಸಾಹೇಬರು ಅನ್ನುತ್ತೀರಲ್ಲ ಅವರು. ಬದು ಎಲ್ಲಿ ಬರುತ್ತೆ ಅಂತ ಅಳೆಯುವುದಕ್ಕೆ ಸರ್ವೆ ಇಲಾಖೆಗೆ ಹದ್ದುಬಸ್ತು ಅರ್ಜಿ ಹಾಕಬೇಕು. ಜಮೀನು ಯಾರದು ಅಂತಲೇ ತಕರಾರು ಬಂದರೆ ಅದನ್ನು ತೀರ್ಮಾನ ಮಾಡುವುದು ಸಿವಿಲ್ ಕೋರ್ಟು ಮಾತ್ರ. ಪಂಚಾಯಿತಿ ಅಧ್ಯಕ್ಷರೂ ಅಲ್ಲ, ಸಬ್ ಇನ್‌ಸ್ಪೆಕ್ಟರೂ ಅಲ್ಲ.

ಈ ಬಾಯಿಮಾತಿನ ಅಭ್ಯಾಸ ನಮಗೆ ಎಲ್ಲಿಂದ ಬಂತು? ನನಗೆ ಅನ್ನಿಸುವುದು, ಶಾನುಭೋಗರ ಕಾಲದಿಂದ. ಆಗ ಊರಿನ ಲೆಕ್ಕವೆಲ್ಲ ಶಾನುಭೋಗರ ಮನೆಯಲ್ಲೇ ಇರುತ್ತಿತ್ತು. ಪಟೇಲರು, ಶಾನುಭೋಗರು ವಂಶಪಾರಂಪರ್ಯವಾಗಿ ಬಂದವರು. ಅವರ ಜಗಲಿಗೆ ಹೋಗಿ ಕೈ ಕಟ್ಟಿ ನಿಂತು ಕೇಳಬೇಕಿತ್ತು, ಅವರು ಹೇಳಿದ್ದು ಕೇಳಿಕೊಂಡು ಬರಬೇಕಿತ್ತು. 1963ರಲ್ಲಿ ಆ ಹುದ್ದೆಗಳು ರದ್ದಾದವು. ಸಂಬಳದ ಗ್ರಾಮ ಲೆಕ್ಕಿಗರು ಬಂದರು, ಅವರನ್ನೇ ಈಗ ಗ್ರಾಮ ಆಡಳಿತಾಧಿಕಾರಿ ಅನ್ನುತ್ತೇವೆ. ಹುದ್ದೆ ಹೋಗಿ ಅರವತ್ತು ವರ್ಷದ ಮೇಲಾಯಿತು. ಕೈ ಕಟ್ಟಿ ನಿಲ್ಲುವುದು ಮಾತ್ರ ಹೋಗಿಲ್ಲ. ಅದನ್ನು ನೋಡಿದರೆ ನನಗೆ ಈಗಲೂ ಸಂಕಟವಾಗುತ್ತದೆ.

ಈಗ ಒಬ್ಬ ಅಜ್ಜಿಯ ವಿಷಯ ಹೇಳಬೇಕು. ಇಪ್ಪತ್ತು ವರ್ಷದ ಹಿಂದಿನ ಮಾತು. ಊರು, ಕಚೇರಿ ಯಾವುದು ಅಂತ ಹೇಳುವುದಿಲ್ಲ.

ಒಂದು ಮಧ್ಯಾಹ್ನ ಕೋರ್ಟಿನ ಆವರಣದ ಹೊಂಗೆ ಮರದ ಕೆಳಗೆ ಅಜ್ಜಿ ಕೂತಿದ್ದರು. ನಾನು ಹಾದು ಹೋಗುವಾಗ "ಲಾಯರಮ್ಮ, ಒಸಿ ನಿಲ್ಲವ್ವ" ಅಂದರು. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಒಂದು ಎಕರೆ ಇಪ್ಪತ್ತು ಗುಂಟೆ ಜಮೀನು ಇನ್ನೂ ಗಂಡನ ಹೆಸರಿನಲ್ಲೇ ಇತ್ತು. ಖಾತೆ ತಮ್ಮ ಹೆಸರಿಗೆ ಬಾರದೆ ಸೊಸೈಟಿಯಲ್ಲಿ ಬೆಳೆ ಸಾಲ ಕೊಡುವುದಿಲ್ಲ ಅಂದಿದ್ದರು. ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವುದಕ್ಕೆ ಪೌತಿ ಖಾತೆ ಅನ್ನುತ್ತಾರೆ, ಅದಕ್ಕೆ ಗಂಡನ ಮರಣ ಪತ್ರ ಬೇಕು. ಮರಣ ಪತ್ರ ಇಲ್ಲ, ಯಾಕೆಂದರೆ ತೀರಿಕೊಂಡಾಗ ಯಾರೂ ಬರೆಸಿರಲಿಲ್ಲ. ಮಣ್ಣು ಮಾಡಿ ಬಂದವರಿಗೆ ಅದು ಎಲ್ಲಿ ಹೊಳೆಯುತ್ತದೆ?

ನಾನು ಕೇಳಿದೆ, "ಅರ್ಜಿ ಯಾವಾಗ ಕೊಟ್ಟಿರಿ ಅಜ್ಜಿ? ಕಾಗದ ಏನಿದೆ ತೋರಿಸಿ."

ಅಜ್ಜಿ ಕೈಚೀಲ ಬಿಚ್ಚಿದರು. ಒಳಗೆ ರೇಷನ್ ಕಾರ್ಡ್, ಗಂಡನ ಒಂದು ಫೋಟೊ, ಹಳೇ ಕಂದಾಯದ ಎರಡು ರಸೀದಿ. ಅದರ ಕೆಳಗೆ ದಾರದಲ್ಲಿ ಕಟ್ಟಿದ ಒಂದು ಕಟ್ಟು. ಏನದು ಅಂತ ನೋಡಿದರೆ ಬಸ್ ಟಿಕೆಟ್ಟು. ಒಂಬತ್ತು ವರ್ಷ ಊರಿನಿಂದ ತಾಲ್ಲೂಕಿಗೆ ಬಂದು ಹೋದ ಟಿಕೆಟ್ಟುಗಳು. "ನಾನು ಬಂದಿದ್ದಕ್ಕೆ ಇದೇ ಸಾಕ್ಷಿ ಕಣವ್ವ" ಅಂದರು.

ಅಷ್ಟು ಸಲ ಬಂದವರ ಹತ್ತಿರ ಕಚೇರಿಯ ಒಂದು ಚೂರು ಕಾಗದವೂ ಇರಲಿಲ್ಲ. ಪ್ರತಿ ಸಲ ಒಬ್ಬೊಬ್ಬರು ಒಂದೊಂದು ಹೇಳಿದ್ದರು. ಮುಂದಿನ ವಾರ ಬಾ. ಸಾಹೇಬರು ಮೀಟಿಂಗಿನಲ್ಲಿದ್ದಾರೆ. ಆಗುತ್ತೆ ಬಿಡಜ್ಜಿ. ಅಜ್ಜಿ ಅದನ್ನೆಲ್ಲ ನಂಬಿ ವಾಪಸ್ ಬಸ್ಸು ಹತ್ತಿದ್ದರು. ಕೋರ್ಟಿನ ಮುಂದೆ ಆ ಟಿಕೆಟ್ಟಿನ ಕಟ್ಟು ಇಟ್ಟರೆ ನ್ಯಾಯಾಧೀಶರು ಏನು ಮಾಡಬೇಕು? ಅವರು ಮರುಗಬಹುದು, ಆದೇಶ ಮಾಡುವುದಕ್ಕೆ ಆಗುವುದಿಲ್ಲ.

ನಾನು ಅಲ್ಲೇ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದೆ. ನನ್ನ ಗಂಡ ಇಂಥ ದಿನ ತೀರಿಕೊಂಡರು, ಮರಣ ರಿಜಿಸ್ಟರಿನಲ್ಲಿ ನೋಡಿ ಪ್ರತಿ ಕೊಡಿ, ಇಲ್ಲದಿದ್ದರೆ ಇಲ್ಲ ಅಂತ ಹಿಂಬರಹ ಕೊಡಿ. ಅದನ್ನೇ ಇನ್ನೊಂದು ಹಾಳೆಯಲ್ಲಿ ಬರೆದೆ. ಎರಡಕ್ಕೂ ಅಜ್ಜಿಯ ಹೆಬ್ಬೆಟ್ಟು ಒತ್ತಿಸಿದೆ. "ಒಂದನ್ನು ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವ ಟಪಾಲು ವಿಭಾಗದಲ್ಲಿ ಕೊಡಿ. ಇನ್ನೊಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಂಡು ಬನ್ನಿ. ಏನಾದರೂ ಅಂದರೆ, ಹಿಂಬರಹ ಕೊಡಿ ಸ್ವಾಮಿ ಅನ್ನಿ, ಇನ್ನೇನೂ ಮಾತಾಡಬೇಡಿ" ಅಂತ ಹೇಳಿಕೊಟ್ಟೆ. ಅಜ್ಜಿಗೆ ಆ ಪದ ಹೊಸದು. "ಇಂಬರ, ಇಂಬರ" ಅಂತ ಬಾಯಿಪಾಠ ಮಾಡಿಕೊಂಡು ಹೋದರು.

ಟಪಾಲಿನವರು ಕೇಳಿದರಂತೆ, "ರಿಜಿಸ್ಟರಿನಲ್ಲಿ ಇಲ್ಲ ಅಂತ ಹೇಳಿದ್ದೀವಲ್ಲಜ್ಜಿ, ಮತ್ತೆ ಯಾಕೆ ಬರೆದು ಕೊಡಬೇಕು?" ಅಜ್ಜಿ ಅಂದಿದ್ದು ಒಂದೇ ಮಾತು. "ಇಲ್ಲ ಅನ್ನೋದನ್ನೇ ಬರೆದು ಕೊಡಿ ಸ್ವಾಮಿ."

ಎರಡು ವಾರ ಕಳೆದು ಅಜ್ಜಿ ಬಂದರು. ಮುಖ ಬಾಡಿತ್ತು. "ಇಲ್ಲ ಅಂತ ಬರೆದವ್ರೆ ಕಣವ್ವ, ಕೆಲಸ ಕೆಟ್ಟೋಯ್ತು" ಅಂತ ಕಾಗದ ಚಾಚಿದರು. ನಾನು ಅದನ್ನು ಕೈಗೆ ತೆಗೆದುಕೊಂಡು ಎದ್ದು ನಿಂತೆ. ಅದು ಮರಣ ದಾಖಲೆ ಲಭ್ಯವಿಲ್ಲ ಅನ್ನುವ ಪತ್ರ. ಕಾನೂನು ಕೇಳುವುದೇ ಆ ಪತ್ರವನ್ನು! 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ, ಒಂದು ವರ್ಷ ದಾಟಿದ ಸಾವನ್ನು ಬರೆಸಬೇಕಾದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. ಆ ಅರ್ಜಿಯ ಜೊತೆಗೆ ಮೊದಲು ಇಡಬೇಕಾದ ದಾಖಲೆ ಈ "ಇಲ್ಲ" ಅನ್ನುವ ಕಾಗದ. ಒಂಬತ್ತು ವರ್ಷ ಬಾಯಲ್ಲಿ ಇಲ್ಲ ಅಂದಾಗ ಅಜ್ಜಿ ವಾಪಸ್ ಹೋಗಿದ್ದರು. ಬರೆದು ಇಲ್ಲ ಅಂದಾಗ ಕೋರ್ಟಿನ ಬಾಗಿಲು ತೆರೆಯಿತು.

ಅರ್ಜಿ ಹಾಕಿದೆವು. ಮಣ್ಣು ಮಾಡುವಾಗ ಇದ್ದ ಪಕ್ಕದ ಮನೆಯವರು ಬಂದು ಸಾಕ್ಷಿ ಹೇಳಿದರು. ಅಜ್ಜಿ ಕಟಕಟೆಯಲ್ಲಿ ನಿಂತು, "ಅವತ್ತು ರಾಗಿ ಕಣ ಮಾಡ್ತಾ ಇದ್ವಿ" ಅಂತ ಶುರು ಮಾಡಿ ಎಲ್ಲ ಹೇಳಿದರು. ಆದೇಶವಾಯಿತು. ಸಾವು ನೋಂದಣಿಯಾಯಿತು. ಮರಣ ಪತ್ರ, ವಂಶವೃಕ್ಷ ಇಟ್ಟು ಪೌತಿ ಖಾತೆಗೆ ಅರ್ಜಿ ಕೊಟ್ಟರು. ಅಲ್ಲಿ ಮೈದುನನ ಮಗ ತಕರಾರು ಹಾಕಿದ. ಅಷ್ಟೊತ್ತಿಗೆ ಅಜ್ಜಿ ಪಳಗಿದ್ದರು. ತಕರಾರನ್ನು ಬರೆದು ಕೊಟ್ಟಿದ್ದಾನಾ, ಅದರ ನಕಲು ನನಗೆ ಕೊಡಿ ಅಂತ ತಾವೇ ಕೇಳಿದರು. ತಕರಾರಿನ ಖಾತೆ ತಹಶೀಲ್ದಾರರ ಮುಂದೆ ವಿಚಾರಣೆಗೆ ಬರುತ್ತದೆ. ಅಲ್ಲಿ ಅಜ್ಜಿಯ ಪರವಾಗಿ ಆದೇಶವಾಯಿತು. ಮರದ ಕೆಳಗೆ ನನ್ನನ್ನು ನಿಲ್ಲಿಸಿದ ದಿನದಿಂದ ಪಹಣಿಯಲ್ಲಿ ಅವರ ಹೆಸರು ಬರುವ ತನಕ ಎಂಟು ತಿಂಗಳು. ಅದಕ್ಕೆ ಮುಂಚೆ ಒಂಬತ್ತು ವರ್ಷ. ಎಷ್ಟು ವ್ಯತ್ಯಾಸ ನೋಡಿ.

ಒಂದು ಮಾತು ಸೇರಿಸುತ್ತೇನೆ. ತಡವಾದ ಜನನ, ಮರಣದ ಆದೇಶ ಮಾಡುವ ಅಧಿಕಾರ 2023ರ ತಿದ್ದುಪಡಿಯಿಂದ ಕೋರ್ಟಿನ ಕೈಯಿಂದ ಜಿಲ್ಲಾಧಿಕಾರಿ, ಎಸಿ ಅವರ ಕಡೆಗೆ ಹೋಗಿದೆ. ಕಾಗದ ಮಾತ್ರ ಈಗಲೂ ಬೇಕು.

ಗಡಿಯಾರ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಹೊತ್ತು ಅಜ್ಜಿಗೇ ಆಗಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಯಾಕೆ ಬರೆದೇ ಕೊಡಬೇಕು? ಮೇಲಿನವರ ಹತ್ತಿರ ಹೋಗಲು ಕೆಳಗಿನವರ ಆದೇಶ ಇರಬೇಕು. ತಹಶೀಲ್ದಾರರ ಖಾತೆ ಆದೇಶದ ಮೇಲೆ ಎಸಿ ಅವರಿಗೆ ಅಪೀಲು ಹೋಗಲು 60 ದಿನ ಇದೆ. ಆದೇಶವೇ ಇಲ್ಲದಿದ್ದರೆ ಯಾವುದರ ಮೇಲೆ ಅಪೀಲು ಹೋಗುತ್ತೀರಿ? ಹೈಕೋರ್ಟಿನವರೆಗೆ ಹೋದರೂ ಮೊದಲು ಕೇಳುವುದು, ಅರ್ಜಿ ಕೊಟ್ಟಿದ್ದೀರಾ, ಅವರು ಏನಂದರು ಅಂತಲೇ.

ಗ್ರಾಮಸಭೆಗೂ ಇದೇ ಮಾತು. ಆರು ತಿಂಗಳಿಗೆ ಒಂದು ಸಲವಾದರೂ ಗ್ರಾಮಸಭೆ ನಡೆಯಲೇಬೇಕು. ಮನೆ ಯಾರಿಗೆ ಕೊಡಬೇಕು ಅಂತ ಫಲಾನುಭವಿಗಳ ಪಟ್ಟಿ ಆಗುವುದೇ ಅಲ್ಲಿ. ಈ ಹಕ್ಕು ನಮಗೆ ಸುಮ್ನೆ ಬಂದಿಲ್ಲ. ಕೊಳವೆ ಬಾವಿ ಕೊರೆಸಿ ನೀರ್ ಸಾಬ್ ಅನ್ನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಅವರು ಮಂತ್ರಿಯಾಗಿದ್ದಾಗ 1983ರ ಪಂಚಾಯಿತಿ ಕಾಯ್ದೆ ಬಂತು. 1987ರಲ್ಲಿ ಮಂಡಲ ಪಂಚಾಯಿತಿ ಚುನಾವಣೆ ಆಯಿತು. ನೂರಕ್ಕೆ 25 ಸ್ಥಾನ ಹೆಂಗಸರಿಗೆ ಅಂತ ಆಗಲೇ ಇಟ್ಟರು. ಇಡೀ ದೇಶಕ್ಕೆ ಪಂಚಾಯಿತಿಗಳ ಬಗ್ಗೆ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಈಗ ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರದು. ಇಷ್ಟೆಲ್ಲ ಇದ್ದೂ ಗ್ರಾಮಸಭೆಯ ದಿನ ಕುರ್ಚಿಗಳು ಖಾಲಿ. ದಯವಿಟ್ಟು ಹೋಗಿ. ಹೋದವರು ಕೂಗಾಡಿ ಎದ್ದು ಬರಬೇಡಿ. ನಿಮ್ಮ ಮಾತು ನಡಾವಳಿ ಪುಸ್ತಕದಲ್ಲಿ ಬಂತಾ ಅಂತ ಓದಿಸಿ ಕೇಳಿ. ಆ ಪುಸ್ತಕದಲ್ಲಿ ಬಾರದ ಮಾತು ಆಡಿದ ಲೆಕ್ಕಕ್ಕೇ ಬರುವುದಿಲ್ಲ.

ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಕಾಲದ ರಸೀದಿ ಕೇಳಿ ತೆಗೆದುಕೊಳ್ಳಿ. 2012ರಿಂದ ಇದು ನಡೆಯುತ್ತಿದೆ. ಅದರಲ್ಲಿ ಒಂದು ನಂಬರು, ಯಾವತ್ತಿನೊಳಗೆ ಕೆಲಸ ಆಗಬೇಕು ಅನ್ನುವುದು ಇರುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ನಿಮಗಿದೆ.

ಠಾಣೆಯಲ್ಲಿ ಎಫ್‌ಐಆರ್ ಪ್ರತಿ ದೂರು ಕೊಟ್ಟವರಿಗೆ ಉಚಿತ. ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ ಅಂದರೆ ಅದನ್ನೂ ಹಿಂಬರಹದಲ್ಲಿ ಬರೆಸಿಕೊಳ್ಳಿ. ಮುಂದೆ ನಿಮ್ಮ ದಾವಾಕ್ಕೆ ಅದು ಬೇಕಾಗುತ್ತದೆ.

ಇನ್ನು ಕೋರ್ಟು. ಕೋರ್ಟಿನ ನೋಟಿಸು ತಲುಪಿಸುವ ಅಮೀನರು ಸಮನ್ಸ್ ತಂದರೆ ಬಾಗಿಲು ಹಾಕಿಕೊಳ್ಳುವುದನ್ನು ಬಿಡಿ, ನಾನು ಕೈ ಮುಗಿದು ಕೇಳುತ್ತೇನೆ. ತೆಗೆದುಕೊಳ್ಳದಿದ್ದರೆ ಕೇಸು ನಿಲ್ಲುವುದಿಲ್ಲ. ಬಾಗಿಲಿಗೆ ಅಂಟಿಸಿ ಹೋಗುತ್ತಾರೆ, ನೀವಿಲ್ಲದೆ ಕೇಸು ನಡೆಯುತ್ತದೆ, ಎಕ್ಸ್‌ಪಾರ್ಟಿ ಡಿಕ್ರಿ ಆಗುತ್ತದೆ. ಸಮನ್ಸ್ ಪಡೆದು, ಅದರಲ್ಲಿರುವ ತಾರೀಕಿಗೆ ಹೋಗಿ. ಉತ್ತರ ಕೊಡಲು 30 ದಿನ ಇರುತ್ತದೆ.

ರಾಜಿ ಆಗುವುದಾದರೆ ಲೋಕ ಅದಾಲತ್ತಿನಲ್ಲಿ ಆಗಿ. ಕಟ್ಟಿದ ಕೋರ್ಟು ಫೀಸು ವಾಪಸ್ ಬರುತ್ತದೆ. ಅಲ್ಲಿ ಆದ ರಾಜಿಗೆ ಡಿಕ್ರಿಯಷ್ಟೇ ಬೆಲೆ, ಅದರ ಮೇಲೆ ಅಪೀಲು ಇಲ್ಲ. ಅರಳಿಕಟ್ಟೆಯ ಮೇಲೆ ಹತ್ತು ಜನರ ಮುಂದೆ ಆದ ರಾಜಿ ಮುಂದಿನ ಮಳೆಗಾಲಕ್ಕೆ ಮುರಿದು ಬಿದ್ದು ನಮ್ಮ ಹತ್ತಿರ ಬಂದದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಯಾಕೆ ಮುರಿಯಿತು ಅಂದರೆ, ಯಾರೂ ಬರೆದಿರಲಿಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅನ್ನುವವರು ತಾಲ್ಲೂಕು ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಫೋನ್ ಮಾಡುವುದಾದರೆ 15100. ಇನ್ನೊಮ್ಮೆ ಹೇಳುತ್ತೇನೆ, ಒಂದು ಐದು ಒಂದು ಸೊನ್ನೆ ಸೊನ್ನೆ.

ಹಿಂಬರಹ ಕೊಡಲ್ಲ ಅಂದರೆ ಏನು ಮಾಡೋಣ ಅಂತ ಯಾರೋ ಜಗಲಿ ಮೇಲೆ ಕೂತು ಕೇಳುತ್ತಿದ್ದೀರಿ, ಅಲ್ವಾ? ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಅಂಚೆಯ ರಸೀದಿ ಇಟ್ಟುಕೊಳ್ಳಿ. ಆಮೇಲೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಒಂದೇ ಪ್ರಶ್ನೆ ಕೇಳಿ. ಇಂಥ ತಾರೀಕಿನ ನನ್ನ ಅರ್ಜಿ ಈಗ ಯಾರ ಮೇಜಿನ ಮೇಲಿದೆ, ಏನು ಕ್ರಮ ಆಗಿದೆ? 30 ದಿನದಲ್ಲಿ ಉತ್ತರ ಕೊಡಬೇಕು. ಬಿಪಿಎಲ್ ಕಾರ್ಡ್ ಇದ್ದವರು ಆ ಹತ್ತು ರೂಪಾಯಿಯನ್ನೂ ಕಟ್ಟಬೇಕಾಗಿಲ್ಲ.

ನಾಳೆ ಮೊದಲ ಬಸ್ಸಿಗೆ ಹೊರಡುವವರು ಇವತ್ತು ರಾತ್ರಿಯೇ ಅರ್ಜಿಯನ್ನು ಎರಡು ಸಲ ಬರೆದಿಡಿ. ಓದು ಬಾರದವರು ಮನೆಯ ಹೈಸ್ಕೂಲು ಮಗುವಿನ ಕೈಯಲ್ಲಿ ಬರೆಸಿ, ನಾಲ್ಕು ಸಾಲು ಸಾಕು. ಕೊನೆಯ ಸಾಲಿನಲ್ಲಿ "ಹಿಂಬರಹ ನೀಡಬೇಕಾಗಿ ಕೋರುತ್ತೇನೆ" ಅಂತ ಇರಲಿ. ಒಂದು ಅವರಿಗೆ, ಸೀಲು ಬಿದ್ದ ಇನ್ನೊಂದು ನಿಮಗೆ.

ನಮಸ್ಕಾರ.