ಒಬ್ಬರೇ ನಡೆಯುವುದಾದರೆ ಬೊಲೊನ್ಯಾದಲ್ಲಿ ನಡೆಯಿರಿ

ನಮಸ್ಕಾರ. ಇಟಲಿಗೆ ಹೋದ ನಮ್ಮವರಲ್ಲಿ ಹೆಚ್ಚಿನವರು ಫ್ಲಾರೆನ್ಸ್ ನೋಡುತ್ತಾರೆ, ವೆನಿಸ್ ನೋಡುತ್ತಾರೆ. ನಡುವೆ ರೈಲು ಬೊಲೊನ್ಯಾದಲ್ಲಿ ನಿಂತಾಗ ಕಿಟಕಿಯಿಂದಾಚೆ ನೋಡಿ ಸುಮ್ಮನಾಗುತ್ತಾರೆ. ಒಬ್ಬರೇ ಪ್ರಯಾಣ ಮಾಡುವವರು ಮೊದಲು ಇಳಿಯಬೇಕಾದ ಊರೇ ಅದು ಎನ್ನುವುದು ನನ್ನ ವಾದ.

ಕಾರಣ, ಅಲ್ಲಿನ ಪೋರ್ಟಿಕೊಗಳು. ಮನೆಯ ಮೇಲಂತಸ್ತು ಬೀದಿಯ ಮೇಲೆ ಚಾಚಿಕೊಂಡಿರುತ್ತದೆ; ಅದನ್ನು ಹೊತ್ತ ಕಂಬಗಳ ಒಳಗೆ ಜನ ನಡೆಯುತ್ತಾರೆ. ನಮ್ಮ ಹಳೆಯ ಮನೆಗಳ ಜಗಲಿಗಳನ್ನೆಲ್ಲ ಬೀದಿಯುದ್ದಕ್ಕೂ ಜೋಡಿಸಿದಂತೆ. ಒಟ್ಟು ಉದ್ದ ಸುಮಾರು 62 ಕಿಲೋಮೀಟರ್. 2021ರಲ್ಲಿ ಯುನೆಸ್ಕೊ ಇವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಉದ್ದಕ್ಕಿಂತ ನನ್ನನ್ನು ಹೆಚ್ಚು ಸೆಳೆದದ್ದು ಇವುಗಳ ಹಿಂದಿನ ಕಾನೂನು. ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿಗಳು ಬಂದು ಸೇರುತ್ತಿದ್ದ ಕಾಲದಲ್ಲಿ ಜಾಗ ಸಾಲದೆ ಜನರು ಮರದ ತೊಲೆಗಳ ಮೇಲೆ ಕೋಣೆಗಳನ್ನು ಬೀದಿಗೆ ಚಾಚಿದರು. ಅದನ್ನು ಒತ್ತುವರಿ ಎಂದು ಕೆಡವಬಹುದಿತ್ತು. ಬೊಲೊನ್ಯಾ 1288ರಲ್ಲಿ ಹೊಸ ಮನೆಗಳಿಗೆ ಪೋರ್ಟಿಕೊವನ್ನೇ ಕಡ್ಡಾಯ ಮಾಡಿತು. ನೆಲ ಮಾಲೀಕನದು, ನಡೆಯುವ ಹಕ್ಕು ಎಲ್ಲರದು! ಇಷ್ಟು ಉದಾರವಾದ ನಗರ ಯೋಜನೆ ಬೇರೊಂದನ್ನು ನಾನು ಕಾಣೆ. ಒಂಟಿ ಪ್ರವಾಸಿಗೆ ಇದರ ಬೆಲೆ ತಕ್ಷಣ ತಿಳಿಯುತ್ತದೆ. ಬೇರೆ ಊರಿನಲ್ಲಿ ಮಳೆ ಬಂದರೆ ಕಾಫಿ ಕೊಂಡು ಕೂರಬೇಕು; ಇಲ್ಲಿ ಕಂಬಕ್ಕೆ ಒರಗಿ ಎಷ್ಟು ಹೊತ್ತಾದರೂ ನಿಲ್ಲಬಹುದು, ಯಾರೂ ಕೇಳುವುದಿಲ್ಲ.

ಸ್ತ್ರಾದಾ ಮಜೋರೆ ಬೀದಿಯ ಕಾಸಾ ಇಸೊಲಾನಿಯ ಮುಂದೆ ತಲೆ ಎತ್ತಿ ನಿಲ್ಲಿ. ಆ ಹಳೆಯ ಮರದ ಕಂಬಗಳು ಇನ್ನೂ ಮನೆಯನ್ನು ಹೊತ್ತಿವೆ. ಆಮೇಲೆ ಸಾನ್ ಪೆತ್ರೋನಿಯೊ ಚರ್ಚಿಗೆ ಹೋಗಿ. ಖಗೋಳ ವಿಜ್ಞಾನಿ ಕಸೀನಿ 1655ರಲ್ಲಿ ಅದರ ನೆಲದ ಮೇಲೆ ಸುಮಾರು 67 ಮೀಟರ್ ಉದ್ದದ ರೇಖೆ ಎಳೆಸಿದ. ಚಾವಣಿಯ ರಂಧ್ರದಿಂದ ಇಳಿದ ಬಿಸಿಲು ಸೂರ್ಯ ನೆತ್ತಿಗೇರಿದಾಗ ಆ ರೇಖೆಯನ್ನು ದಾಟುತ್ತದೆ. ಬೇಸಿಗೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಹನ್ನೆರಡಕ್ಕೆ ಹೋದರೆ ಕಾಯಬೇಕಾಗುತ್ತದೆ. ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಹೋಗಿ.

ಊರಿನ ನಡುವಿನ ಎರಡು ಹಳೆಯ ಗೋಪುರಗಳನ್ನು ದೂರದಿಂದ ನೋಡಿದರೆ ಸಾಕು. ಅವುಗಳಲ್ಲಿ ಒಂದಾದ, ವಾಲಿದ ಗರಿಸೆಂಡಾದ ಸ್ಥಿತಿ ಆತಂಕ ಹುಟ್ಟಿಸಿದ್ದರಿಂದ 2023ರ ಅಕ್ಟೋಬರ್‌ನಲ್ಲಿ ಅದರ ಸುತ್ತಲಿನ ಜಾಗಕ್ಕೆ ಬೇಲಿ ಬಿತ್ತು.

ಅರ್ಧ ದಿನವನ್ನು ಸಾನ್ ಲೂಕಾ ಬೆಟ್ಟಕ್ಕೆ ಉಳಿಸಿಕೊಳ್ಳಿ. ಸರಗೊಸ್ಸಾ ಬಾಗಿಲಿನಿಂದ ಬೆಟ್ಟದ ಮೇಲಿನ ಚರ್ಚಿನವರೆಗೆ ಸುಮಾರು ನಾಲ್ಕು ಕಿಲೋಮೀಟರ್, 666 ಕಮಾನುಗಳು. ಮಾತೆ ಮರಿಯಳ ಚಿತ್ರಪಟದ ಮೆರವಣಿಗೆ ಮಳೆಯಲ್ಲಿ ನೆನೆಯಬಾರದೆಂದು 1674ರಲ್ಲಿ ಇದನ್ನು ಕಟ್ಟಲು ತೊಡಗಿದರು. ಮೆಲೊನ್ಚೆಲ್ಲೊ ಕಮಾನಿನವರೆಗೆ ಸಮತಟ್ಟು, ಅಲ್ಲಿಂದ ಮೇಲೆ ಏರು. ಪ್ರವಾಸಿಗರನ್ನು ಹೊತ್ತೊಯ್ಯುವ ಪುಟ್ಟ ವಾಹನವೂ ಇದೆ, ಆದರೆ ಕಾಲಿನಲ್ಲಿ ಬಲವಿದ್ದವರು ದಯವಿಟ್ಟು ಅದನ್ನು ಹತ್ತಬೇಡಿ. ಪ್ರಾರ್ಥನೆಗೆ ಹೊರಟವರು, ವ್ಯಾಯಾಮಕ್ಕೆ ಓಡುವವರು, ಮೊಮ್ಮಕ್ಕಳ ಕೈ ಹಿಡಿದ ಅಜ್ಜಂದಿರು, ಹೀಗೆ ಆ ಊರಿನವರೆಲ್ಲ ಸಿಗುವುದು ಆ ಕಮಾನುಗಳ ಕೆಳಗೇ.