ಪಕ್ಷೇತರರ 40 ಸಾವಿರ ವೋಟು

ನಮಸ್ಕಾರ. ಈ ಬಿಸಿಲಲ್ಲೂ ಬಂದಿದ್ದೀರಿ, ಪೀಠಿಕೆ ಹಾಕಿ ಕೂರಿಸೋದಿಲ್ಲ. ನೇರವಾಗಿ 2024ರ ಲೋಕಸಭಾ ಚುನಾವಣೆಗೆ ಹೋಗೋಣ.

ಆ ಸಲ ದಾವಣಗೆರೆಯಲ್ಲಿ ಕಾಂಗ್ರೆಸ್ಸಿನ ಪ್ರಭಾ ಮಲ್ಲಿಕಾರ್ಜುನ್, ಬಿಜೆಪಿಯ ಗಾಯತ್ರಿ ಸಿದ್ದೇಶ್ವರ ಅವರನ್ನು 26,094 ವೋಟಿನಿಂದ ಸೋಲಿಸಿದರು. ಒಬ್ಬರು ಮಂತ್ರಿಯ ಪತ್ನಿ, ಇನ್ನೊಬ್ಬರು ಆಗಿನ ಸಂಸದರ ಪತ್ನಿ. ಕಾಂಗ್ರೆಸ್ ಟಿಕೆಟ್ ಕೇಳಿ, ಸಿಗದೆ ಪಕ್ಷೇತರರಾಗಿ ನಿಂತ ಜಿ.ಬಿ. ವಿನಯ್ ಕುಮಾರ್ 40 ಸಾವಿರ ದಾಟಿದರು. ಗೆಲುವಿನ ಅಂತರಕ್ಕಿಂತ ಜಾಸ್ತಿ! ಆದರೆ ಠೇವಣಿ ಉಳಿಯಲು ಸಿಂಧುವಾದ ಒಟ್ಟು ವೋಟಿನ ಆರನೇ ಒಂದು ಪಾಲು ಬೇಕು. ಇಲ್ಲಿ ಅದು 2 ಲಕ್ಷದ ಮೇಲೆ. ಠೇವಣಿ ಹೋಯಿತು.

ಮಂಡಕ್ಕಿ ಅಂಗಡಿ ಮುಂದೆ ಆಗ ಒಂದೇ ಚರ್ಚೆ: ಅವರು ಯಾರ ವೋಟು ಒಡೆದರು? ನನಗೆ ಈ ಪ್ರಶ್ನೆಯೇ ಸರಿ ಕಾಣಲಿಲ್ಲ. ವೋಟು ಪಕ್ಷದ ಸ್ವತ್ತು ಅಂತ ಮೊದಲೇ ಒಪ್ಪಿಕೊಂಡ ಹಾಗಲ್ವಾ?

ನಿಯಮವೂ ಸ್ವಲ್ಪ ಪಕ್ಷದ ಕಡೆಗೇ ವಾಲಿದೆ. ಮಾನ್ಯತೆ ಪಡೆದ ಪಕ್ಷದವರ ನಾಮಪತ್ರಕ್ಕೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು. ಮತಯಂತ್ರದಲ್ಲಿ ಅವರ ಹೆಸರು ಬರುವುದು ಪಕ್ಷಗಳವರ ಕೆಳಗೆ. ಆದರೆ ನಿಜವಾದ ಏಟು ಬೀಳುವುದು ಬೂತಿನಲ್ಲಿ. ಜಗಳೂರಿನಿಂದ ಹೊನ್ನಾಳಿವರೆಗೆ ಎಂಟು ವಿಧಾನಸಭಾ ಕ್ಷೇತ್ರ. ಪ್ರತಿ ಬೂತಿಗೂ ಬೆಳಗ್ಗೆಯೇ ಬಂದು ಸಂಜೆವರೆಗೆ ಕೂರುವ ಏಜೆಂಟ್ ಬೇಕು. ಅವನು ಯಾರು? ಪಿಂಚಣಿ ಅರ್ಜಿ ಬರೆದುಕೊಟ್ಟವನು, ರೇಷನ್ ಕಾರ್ಡಿಗೆ ಓಡಾಡಿದವನು. ನಾವು ಪಕ್ಷನಿಷ್ಠೆ ಅನ್ನೋದು ಬಹಳ ಸಲ ಅವನ ಮೇಲಿನ ಋಣ. ಬಾವುಟ ಸುಮ್ನೆ ನೆಪ.

ಹಾಗಾದರೆ ಪಕ್ಷೇತರರು ಗೆಲ್ಲೋದೇ ಇಲ್ವಾ? ಇದೇ ಲೋಕಸಭಾ ಕ್ಷೇತ್ರದ ಹರಪನಹಳ್ಳಿಯಲ್ಲಿ 2023ರಲ್ಲಿ ಲತಾ ಮಲ್ಲಿಕಾರ್ಜುನ್ ಪಕ್ಷೇತರರಾಗಿಯೇ ಗೆದ್ದರು. ಅವರು ಮಾಜಿ ಉಪಮುಖ್ಯಮಂತ್ರಿ ಎಂ.ಪಿ. ಪ್ರಕಾಶ್ ಮಗಳು. ಪಕ್ಷ ಇರಲಿಲ್ಲ, ಮನೆ ಮನೆಗೆ ಗೊತ್ತಿರುವ ಹೆಸರಿತ್ತು. ಒಂದು ತಾಲ್ಲೂಕಿಗೆ ಅದು ಸಾಲುತ್ತದೆ. ಎಂಟು ಕಡೆ ಅಂಥ ಹೆಸರು ಎಲ್ಲಿಂದ ತರೋದು?

ಪಕ್ಕದ ಚಿತ್ರದುರ್ಗದ ಕಥೆ ಇನ್ನೂ ಸ್ವಾರಸ್ಯ. 2008ರಲ್ಲಿ ಹೊಸದುರ್ಗದಿಂದ ಗೂಳಿಹಟ್ಟಿ ಶೇಖರ್, ಹಿರಿಯೂರಿನಿಂದ ಡಿ. ಸುಧಾಕರ್ ಪಕ್ಷೇತರರಾಗಿ ಗೆದ್ದರು. ಬಿಜೆಪಿಗೆ ಬಂದಿದ್ದು 110 ಸ್ಥಾನ, ಬಹುಮತಕ್ಕೆ ಬೇಕಿದ್ದಿದ್ದು 113. ಇಬ್ಬರೂ ಬೆಂಬಲ ಕೊಟ್ಟು ಮಂತ್ರಿಯಾದರು. 2010ರಲ್ಲಿ ಬೆಂಬಲ ವಾಪಸ್ ತೆಗೆದುಕೊಂಡರು. ನೀವು ಬಿಜೆಪಿ ಸೇರಿದ್ದೀರಿ ಅಂತ ಸ್ಪೀಕರ್ ಅವರನ್ನು ಅನರ್ಹ ಮಾಡಿದರು. ಪಕ್ಷೇತರರಾಗಿ ಗೆದ್ದ ಮೇಲೆ ಯಾವುದೇ ಪಕ್ಷ ಸೇರುವಂತಿಲ್ಲ, ಕಾನೂನು ಇರುವುದೇ ಹಾಗೆ. ಆದರೆ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಪಕ್ಷ ಸೇರಿಲ್ಲ ಅಂತ ಅಷ್ಟು ದೂರ ಹೋಗಿ ಹೋರಾಡಿದ ಇಬ್ಬರೂ ಆಮೇಲೆ ಏನು ಮಾಡಿದರು? 2013ರಲ್ಲಿ ಸುಧಾಕರ್ ಹಿರಿಯೂರು ಗೆದ್ದಿದ್ದು ಕಾಂಗ್ರೆಸ್ಸಿನಿಂದ. 2018ರಲ್ಲಿ ಶೇಖರ್ ಹೊಸದುರ್ಗ ಗೆದ್ದಿದ್ದು ಬಿಜೆಪಿಯಿಂದ.